ಹಸಿರು ಜಾಕೆಟ್ಟಿನವನು

ಅಲ್ಲಾಡಿಸ್ಬೇಡ! ಅಲ್ಲಾಡಿಸ್ಬೇಡ ಅಂದ್ನಲ್ಲ ಅವನಿ... ನರ್ಸ್ ಏನ್ ಹೇಳಿ ಹೋದ್ಲು? ಡಾಕ್ಟರು ಎಕ್ಸ್‌ರೇ ನೋಡ್ಕೊಂಡು ಬರೋವರೆಗೂ ಕಾಲು ಹೀಗೇ, ದಿಂಬಿನ ಮೇಲೇ ಇರ್ಬೇಕು. ಏನು, ದಿಂಬು ಎತ್ತರ ಆಯ್ತಾ? ಇಳಿಸ್ಲಾ? ಹಾಂ... ಈಗ? ಸರಿ, ಸರಿ. ಬಾಯಿ ಬಿಡೋದೇನೂ ಬೇಡ, ತಲೆ ಆಡ್ಸು ಸಾಕು. ಸ್ಕೀ ಬೆಟ್ಟ ಬಿಟ್ಟಾಗಿನಿಂದ ನೀನು ಒಂದು ಮಾತಾಡಿಲ್ಲ. ನೋವು. ನಂಗೆ ಗೊತ್ತು, ನೋವು. ಆ ಔಷಧಿ ಬೇರೆ ಕೊಟ್ಟಿದ್ದಾರೆ, ಮಂಪರು ಹತ್ತುತ್ತೆ. ನೀನು ಸುಮ್ನೆ ಮಲ್ಕೋ. ಮಾತಾಡೋಕೆ ಅಮ್ಮ ಇದ್ದೀನಲ್ಲ.

ಯಾಕೆ ನಗ್ತೀಯ? ನಿಜ ತಾನೇ. ನಮ್ಮನೇಲಿ ಮಾತು ಅಂತ ಆಡೋಳು ನಾನೊಬ್ಳೇ. ನೀನು ಫೋನು ನೋಡ್ತೀಯ, ಅಪ್ಪ ಫೋನಲ್ಲಿ ಹಿಮ ಎಲ್ಲೆಲ್ಲಿ ಬಿತ್ತು ಅಂತ ನೋಡ್ತಾರೆ. ನಾನು ಒಲೆ ಮುಂದೆ ನಿಂತು ಗೋಡೆಗೆ ಹೇಳ್ಕೋತೀನಿ.

ಅಪ್ಪನಾ? ಹೊರಗಿದ್ದಾರೆ. ಆ ಗಾಜಿನ ಬಾಗಿಲಾಚೆ ನೋಡು, ಬೆನ್ನು ಕಾಣ್ತಿದೆಯಲ್ಲ. ಇನ್ನೂ ಸ್ಕೀ ಪ್ಯಾಂಟೇ ತೆಗೆದಿಲ್ಲ ಪಾಪ, ನಡೆದ್ರೆ ಸರಸರ ಅನ್ನುತ್ತೆ. ಬೆಟ್ಟದ ಆಫೀಸಿನ ಜೊತೆ ಮಾತಾಡ್ತಿದ್ದಾರೆ. ಇದು ಮೂರನೇ ಸಲ. ಆ ಹಸಿರು ಜಾಕೆಟ್ಟಿನವನ ಹೆಸರು, ಅಡ್ರೆಸ್ ಬೇಕು, ಲಿಫ್ಟಿನ ಹತ್ರದ ಕ್ಯಾಮೆರಾ ತೆಗ್ಸಿ ಅಂತ... ನಾನು ಹೇಳ್ದೆ, ಬಿಡಿ ಈಗ, ಮೊದಲು ಮಗು ಕಾಲು ನೋಡೋಣ ಅಂತ. ಕೇಳ್ತಾರಾ? 'ನನ್ನ ಮಗಳ ಕಾಲು ಮುರಿದು ಹಾಗೇ ಜಾರ್ಕೊಂಡು ಹೋಗಿದ್ದಾನೆ, ಬಿಡಬೇಕಾ ವಿಜಿ?' ಅಂದ್ರು.

ನೀನು ಅವನನ್ನ ನೋಡ್ಲಿಲ್ಲ, ಅಲ್ವಾ?

ಇಲ್ಲ, ಹೇಗೆ ನೋಡ್ತೀಯ. ಅವನು ಬಂದಿದ್ದು ಹಿಂದಿನಿಂದ. ಗಾಗಲ್ಸ್ ಬೇರೆ, ಅದರ ಮೇಲೆ ಮಳೆ ಹನಿ. ಸರಿ ಬಿಡು. ನೀರು ಕೊಡ್ಲಾ? ಓ, ಕೊಡಬಾರ್ದು ಅಂದಿದ್ದಾರಲ್ವಾ. ಆಪರೇಷನ್ ಏನಾದ್ರೂ ಬೇಕಾದ್ರೆ ಅಂತ. ತುಟಿ ಒಣಗಿದೆ ನೋಡು ನಿಂದು... ಇರು, ಈ ಟಿಶ್ಯೂ ಒದ್ದೆ ಮಾಡಿ ಒರೆಸ್ತೀನಿ. ಮುಖ ತಿರುಗಿಸ್ಬೇಡ. ಹಾಂ.

ಈ ವರ್ಷದ ಚಳಿಗಾಲಾನೇ ಸರಿಯಿಲ್ಲ ಕಂದ. ನಾನು ಮೊದಲಿಂದ ಹೇಳ್ತಾನೇ ಇದ್ದೆ. ಡಿಸೆಂಬರ್‌ನಲ್ಲಿ ಎಷ್ಟು ಸಲ ಹೋದ್ವಿ? ಪ್ರತಿ ಶನಿವಾರ ನಾಲ್ಕೂವರೆಗೆ ಅಲಾರಂ. ಕತ್ತಲಲ್ಲಿ ನಾನು ಚಿತ್ರಾನ್ನ ಕಲೆಸೋದು, ಫ್ಲಾಸ್ಕಿಗೆ ಕಾಫಿ ಹಾಕೋದು, ಅಪ್ಪ ಗರಾಜಿನಲ್ಲಿ ಕಾರಿನ ಮೇಲೆ ಸ್ಕೀ ಕಟ್ಟೋದು, ನಿನ್ನನ್ನ ಹಾಸಿಗೆಯಿಂದ ಕಿತ್ತು ಕಾರಿಗೆ ತುಂಬೋದು. ವೆಸ್ಟ್ ವಿಂಡ್ಸರ್‌ನಿಂದ ಒಂದೂಮುಕ್ಕಾಲು ಗಂಟೆ ಡ್ರೈವ್ ಮಾಡಿ ಹೋದ್ರೆ ಬೆಟ್ಟದ ತುಂಬ ಹುಲ್ಲು! ಕಂದು ಹುಲ್ಲು, ಮಂಜು, ಜಿಟಿಜಿಟಿ ಮಳೆ. ಐವತ್ತೈದು ಡಿಗ್ರಿ ಫ್ಯಾರನ್‌ಹೀಟು, ಹಿಮ ನಿಲ್ಲೋದೆಲ್ಲಿ. ಗೇಟಲ್ಲಿ ಒಬ್ಬ ಹುಡುಗಿ ರೇನ್‌ಕೋಟ್ ಹಾಕ್ಕೊಂಡು, ಸಾರಿ ಫೋಕ್ಸ್, ನಾಳೆ ನೋಡಿ ಅಂತಾಳೆ. ಅಪ್ಪ ಅವಳ ಹತ್ರ ಅರ್ಧ ಗಂಟೆ ನಿಂತು, ಹಿಮ ಮಾಡೋ ಮಷೀನು ರಾತ್ರಿ ಎಷ್ಟು ಹೊತ್ತು ಓಡ್ಸಿದ್ರಿ, ಎಷ್ಟು ಡಿಗ್ರಿಗೆ ನಿಲ್ಲಿಸಿದ್ರಿ... ಆಸ್ಪತ್ರೆ ಬಾಗಿಲಲ್ಲಿ ಪೇಷಂಟ್ ಹೇಗಿದ್ದಾರೆ ಅಂತ ಕೇಳೋ ಹಾಗೆ.

ನೆನಪಿದೆಯಾ, ಜನವರಿಲಿ ಒಂದ್ಸಲ, ಬಂದ ದಾರಿ ದಂಡ ಆಗ್ಬಾರ್ದು ಅಂತ ಅಲ್ಲಿಂದ ಸೀದಾ ಫ್ಲಶಿಂಗ್ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರಲ್ಲ? ಕಾರಿನ ಮೇಲೆ ಮೂರು ಜೊತೆ ಸ್ಕೀ! ಗಣಪತಿ ಗುಡಿ ಮುಂದೆ ಪಾರ್ಕ್ ಮಾಡಿದ್ರೆ ಒಬ್ಬ ಅಂಕಲ್ ಬಂದು, ಏನಪ್ಪಾ ಇದು, ಪೂಜೆ ಮಾಡಿಸೋಕೆ ತಂದ್ರಾ ಅಂತ ಕೇಳಿದ್ರು. ನಕ್ಕು ನಕ್ಕು ದೋಸೆ ನೆತ್ತಿಗೆ ಹತ್ತಿತ್ತು ನಿಂಗೆ. ಆ ದಿನ ಎಷ್ಟು ಚೆನ್ನಾಗಿತ್ತು, ಅಲ್ವಾ? ಹಿಮ ಇಲ್ದಿದ್ರೇ ನಾವು ಮೂರೂ ಜನ ಒಂದೇ ಟೇಬಲ್ಲಲ್ಲಿ ಕೂರೋದು.

ಅಯ್ಯೋ, ಮೂರು ಜೊತೆ ಅಲ್ಲ, ಎರಡು. ಆಗಿನ್ನೂ ನಂದು ಇರ್ಲಿಲ್ಲ.

ಅಪ್ಪನ್ನೂ ನಾನು ಬೈಯಲ್ಲ. ಬಳ್ಳಾರಿ ಬಿಸಿಲಲ್ಲಿ ಬೆಂದ ಮನುಷ್ಯ. ಚಿಕ್ಕವರಿದ್ದಾಗ ಫ್ರಿಜ್ಜಿನೊಳಗಿನ ಫ್ರೀಜರ್ ಡಬ್ಬದಲ್ಲಿ ಕಟ್ಕೊಂಡಿರೋ ಬಿಳಿ ಮಂಜನ್ನ ಚಮಚದಲ್ಲಿ ಕೆರೆದು ತಿಂತಿದ್ರಂತೆ. ಮೇ ತಿಂಗಳು, ಕರೆಂಟು ಇಲ್ಲ, ಕದ್ದು ತಿಂದಿದ್ದಕ್ಕೆ ನಿಮ್ಮಜ್ಜಿ ಹತ್ರ ಏಟು ಬೇರೆ. ಅಂಥವರು ಮೊದಲ ಸಲ ಎಡಿಸನ್‌ನ ಅಪಾರ್ಟ್‌ಮೆಂಟ್ ಮುಂದೆ ಮೊಣಕಾಲುದ್ದ ಹಿಮ ನೋಡಿದಾಗ ಏನು ಮಾಡಿದ್ರು ಗೊತ್ತಾ? ಶೂಸ್ ಹಾಕ್ಕೊಳ್ದೇ ಓಡಿದ್ರು! ನಾನು ಕಿಟಕಿಯಿಂದ ಕೂಗ್ತಿದ್ದೀನಿ, ರೀ, ಕಾಲು, ಕಾಲು ಅಂತ... ಆಗ ನೀನಿನ್ನೂ ಹೊಟ್ಟೇಲಿದ್ದೆ.

ಕಣ್ಣು ಮುಚ್ಚಿದೀಯ. ನಿದ್ದೆ ಬಂತಾ? ಇಲ್ವಾ? ಕೇಳ್ತಿದೀಯ. ಸರಿ.

ನಿಂಗೆ ಏಳು ವರ್ಷ ಆದಾಗ ಶುರುವಾಗಿದ್ದು. ಅಂದ್ರೆ ಹತ್ತು ಚಳಿಗಾಲ. ಹತ್ತು ಚಳಿಗಾಲ ನಾನು ಆ ಲಾಡ್ಜಿನ ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂತಿದ್ದೀನಿ ಅವನಿ. ಲಾಡ್ಜು ಅಂದ್ರೆ ಮೈಸೂರಲ್ಲಿ ನಮ್ಮಮ್ಮ, ಯಾಕೆ, ರೂಮ್ ಮಾಡ್ಕೊಂಡು ಇರ್ತೀರಾ ಅಂತ ಕೇಳಿದ್ರು. ಇಲ್ಲಮ್ಮ, ಬ್ಯಾಗು ಕಾಯೋ ಜಾಗ ಅಂದೆ. ಎಲ್ಲರ ಶೂಸು, ಎಲ್ಲರ ಬ್ಯಾಗು, ಮೈಕ್ರೋವೇವ್ ಮುಂದೆ ಕ್ಯೂ. ನಾನು, ಅಮಿತಾ ಆಂಟಿ. ಆಮೇಲೆ ಅಮಿತಾನೂ ಬರೋದು ಬಿಟ್ಲು, ಅವಳ ಮಗ ಕಾಲೇಜಿಗೆ ಹೋದ್ನಲ್ಲ. ಆಮೇಲೆ ನಾನೊಬ್ಳೇ. ಕಿಟಕಿಯಿಂದ ಬೆಟ್ಟ ಪೂರ್ತಿ ಕಾಣುತ್ತೆ. ಚುಕ್ಕಿ ಚುಕ್ಕಿ ಜನ ಇಳಿತಾರೆ, ಅದ್ರಲ್ಲಿ ನಂದು ಯಾವುದು ಅಂತ ಹುಡುಕೋದು. ಕೆಂಪು ಹೆಲ್ಮೆಟ್ಟು. ಅದೊಂದೇ ಗುರುತು.

ಒಂದು ವರ್ಷ ನೀನು ಹೆಲ್ಮೆಟ್ ಬದಲಾಯಿಸಿದ್ದೆ. ನಂಗೆ ಹೇಳಿರ್ಲಿಲ್ಲ. ಇಡೀ ಬೆಳಗ್ಗೆ ನಾನು ಇನ್ಯಾರದೋ ಮಗೂಗೆ ಕೈ ಬೀಸಿದ್ದೀನಿ.

ಹೇ, ಹೇ, ಅಳ್ಬೇಡ. ತಮಾಷೆಗೆ ಹೇಳ್ದೆ ಕಣೇ. ಆ ಮಗೂನೂ ತಿರುಗಿ ಕೈ ಬೀಸ್ತು, ಒಳ್ಳೇ ಮಗು.

ಈ ಸಲ ಸೆಪ್ಟೆಂಬರ್‌ಗೆ ನೀನು ಕಾಲೇಜಿಗೆ ಹೋಗ್ಬಿಡ್ತೀಯ. ಆಮೇಲೆ ಯಾವ ಕಿಟಕಿ, ಯಾವ ಬೆಟ್ಟ. ಅದಕ್ಕೇ ನಂಗೆ ಅನಿಸ್ತು... ಒಂದ್ಸಲ. ಒಂದೇ ಒಂದ್ಸಲ ನಿನ್ನ ಜೊತೆ ಮೇಲಿಂದ ಕೆಳಗೆ ಬರ್ಬೇಕು ಅಂತ. ನಲವತ್ತಾರು ವಯಸ್ಸಿಗೆ ಯಾರಾದ್ರೂ ಕಲಿತಾರಾ ಇದನ್ನ? ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀನಿ ಅಂತ ನಿಮ್ಮಿಬ್ರಿಗೂ ಸುಳ್ಳು ಹೇಳಿ, ಮೂರು ಬುಧವಾರ ರಜೆ ಹಾಕಿ ಹೋದೆ. ಮೂರನೇ ಸಲ ನೀನು ಕೇಳ್ದೆ, ಎಷ್ಟು ಹಲ್ಲಿದೆ ಅಮ್ಮ ನಿಂಗೆ ಅಂತ. ಆ ನಗು ತಡ್ಕೊಳ್ಳೋಕೆ ಬಾತ್‌ರೂಮಿಗೆ ಓಡಿದ್ದೆ.

ಕಲಿಸಿದ್ದು ಕ್ಯಾರಲ್ ಅಂತ ಒಬ್ಬ ಅಜ್ಜಿ. ಎಪ್ಪತ್ತು ದಾಟಿದೆ, ಚಿರತೆ ಹಾಗೆ ಜಾರ್ತಾಳೆ. ಕಾಲಿನ ತುದಿ ಎರಡೂ ಸೇರ್ಸಿ ಹಿಂದೆ ಅಗಲ ಮಾಡು, ಅದು ಪಿಝಾ, ನಿಲ್ಲೋದು. ಎರಡೂ ನೇರ ಇಟ್ರೆ ಫ್ರೆಂಚ್ ಫ್ರೈ, ಹೋಗೋದು. ಇಷ್ಟೇ ಅಂದ್ಲು. ಆ ಮಕ್ಕಳ ಇಳಿಜಾರು ಇದೆಯಲ್ಲ, ಬೇಬಿ ಹಿಲ್, ಅದ್ರಲ್ಲಿ ನಾನು, ಐದು ವರ್ಷದ ನಾಲ್ಕು ಮಕ್ಕಳು. ಮೂರನೇ ಬುಧವಾರ ಬೀಳ್ದೇ ಬಂದೆ. ಕ್ಯಾರಲ್ ಚಪ್ಪಾಳೆ ತಟ್ಟಿದ್ಲು. ಆದ್ರೆ ಹೋಗೋವಾಗ ಒಂದು ಮಾತು ಹೇಳಿದ್ಲು. ಮೆತ್ತಗಿನ ಹಿಮದಲ್ಲಿ ನೀನು ಪರವಾಗಿಲ್ಲ, ಐಸ್ ಇದ್ದ ದಿನ ಮಾತ್ರ ಮೇಲೆ ಹೋಗ್ಬೇಡ ಅಂತ.

ಹ್ಞೂಂ... ಹೇಳಿದ್ಲು. ನಿಮಗೆ ಹೇಳ್ಲಿಲ್ಲ ನಾನು. ಹೇಳಿದ್ರೆ ಬಿಡ್ತಿದ್ರಾ?

ಹಾಗೆ ನೋಡ್ಬೇಡ ನನ್ನ. ಇವತ್ತು ಆಗಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವನು ಬಂದು ಹೊಡ್ದಿದ್ದಕ್ಕೆ ನಾನೇನ್ ಮಾಡ್ಲಿ?

ಅಪ್ಪ ಬೆಳಗ್ಗೆ ಹೇಳಿದ್ರು, ಒಪ್ಕೋತೀನಿ. ಹೋಗಿ ನೋಡಿದ್ರೆ ಬೇಬಿ ಹಿಲ್ ಪೂರ್ತಿ ಕೆಸರು, ಹಗ್ಗ ಕಟ್ಟಿ ಮುಚ್ಚಿದ್ದಾರೆ. ಇಡೀ ಬೆಟ್ಟದಲ್ಲಿ ಒಂದೇ ಒಂದು ದಾರಿ. ಎರಡೂ ಕಡೆ ಹುಲ್ಲು, ಮಧ್ಯೆ ಬಿಳಿ ಪಂಚೆ ಒಣಗೋಕೆ ಹಾಸಿದ ಹಾಗೆ, ಅದ್ರ ಮೇಲೆ ನ್ಯೂಜೆರ್ಸಿಯ ಜನ ಪೂರ್ತಿ. ಅಪ್ಪ ಅಂದ್ರು, 'ಇವತ್ತು ಬೇಡ ವಿಜಿ. ರಾತ್ರಿ ಮಳೆ ಬಂದು ಹೆಪ್ಪುಗಟ್ಟಿದೆ, ಗಾಜಿನ ಹಾಗಿದೆ. ಮುಂದಿನ ವಾರ ಹಿಮ ಬರುತ್ತೆ. ಇವತ್ತು ನೀನು ಕೂತಿರು.'

ಕೂತಿರು! ಆ ಒಂದು ಮಾತಿಗೆ ನಂಗೆ ಏನಾಯ್ತೋ ಗೊತ್ತಿಲ್ಲ. ಅಷ್ಟು ಜನರ ಎದುರಿಗೆ ಕೂಗಾಡಿದೆ. ಹತ್ತು ವರ್ಷ ಕೂತಿದ್ದೀನಿ ರಾಮ್, ಹತ್ತು ವರ್ಷ ಅಂತ. ಆಗ ನೀನು ನನ್ನ ಸ್ಕೀ ಎತ್ಕೊಂಡು ಹೆಗಲ ಮೇಲೆ ಇಟ್ಕೊಂಡೆ. 'ಐ ಗಾಟ್ ಹರ್, ಡ್ಯಾಡ್' ಅಂದೆ. ಅಮ್ಮನ್ನ ನಾನು ನೋಡ್ಕೋತೀನಿ ಅಂತ, ಅಷ್ಟೇ ಅಂದಿದ್ದು. ಅಪ್ಪ, ಸರಿ, ನೀವು ಹೋಗ್ತಿರಿ, ನಾನು ಬೂಟ್ ಬಿಗಿ ಮಾಡ್ಕೊಂಡು ಲಿಫ್ಟಿನ ಹಿಂದಿನ ಕುರ್ಚೀಲಿ ಬರ್ತೀನಿ ಅಂದ್ರು.

ಆ ಲಿಫ್ಟು... ಎಂಟೇ ನಿಮಿಷ ಇರ್ಬಹುದು. ಚೂರು ಚೂರು ಮಳೆ ಹನಿ, ಕೆಳಗೆ ಹುಲ್ಲು, ನಮ್ಮಿಬ್ಬರ ಕಾಲು ನೇತಾಡ್ತಿದೆ. ನಿನ್ನ ಸ್ಕೂಲ್ ಟೀಮಿನ ಐದು ರೇಸಲ್ಲಿ ನಾಲ್ಕು ಹಿಮ ಇಲ್ಲ ಅಂತ ಕ್ಯಾನ್ಸಲ್ ಆಗಿದ್ದು, ಕೊನೇದೊಂದು ಗುರುವಾರ ಇರೋದು, ಕ್ಯಾಪ್ಟನ್ ಆಗಿ ಒಂದ್ರಲ್ಲಾದ್ರೂ ಇಳೀಬೇಕು ಅಂತ ನಿಂಗೆ ಆಸೆ ಇರೋದು, ಎಲ್ಲ ನೀನೇ ಹೇಳ್ದೆ. ಇಷ್ಟು ಮಾತು ನೀನು ನನ್ನ ಹತ್ರ ಎರಡು ವರ್ಷದಿಂದ ಆಡಿರ್ಲಿಲ್ಲ. ಅದೂ ಕನ್ನಡದಲ್ಲಿ! ಅರ್ಧಂಬರ್ಧ, ಆದ್ರೂ ಕನ್ನಡದಲ್ಲಿ. ಮೇಲಿಂದ ನೋಡಿದ್ರೆ ಆ ಲಾಡ್ಜು ಎಷ್ಟು ಚಿಕ್ಕದು ಅವನಿ! ಬೆಂಕಿಪೊಟ್ಟಣ. ಅದರೊಳಗೆ ಹತ್ತು ವರ್ಷ ಹೇಗೆ ಕೂತಿದ್ದೆ ಅನ್ನಿಸ್ತು.

ಗುರುವಾರ... ಗುರುವಾರದ ರೇಸು. ಅಯ್ಯೋ ದೇವರೇ.

ಇಲ್ಲ, ಇಲ್ಲ, ಅಳ್ತಿಲ್ಲ ನಾನು. ಮೂಗು ಅಷ್ಟೇ. ಇಲ್ಲಿ ಹೀಟಿಂಗ್ ಜಾಸ್ತಿ.

ಮೇಲೆ ಇಳಿದ್ವಿ. ನೀನು, 'ಫಾಲೋ ಮೈ ಟರ್ನ್ಸ್, ಅಮ್ಮ. ಸ್ಟೇ ಬಿಹೈಂಡ್ ಮಿ' ಅಂದೆ. ನಾಲ್ಕು ತಿರುವು ನಿನ್ನ ಹಿಂದೆಯೇ ಬಂದೆ. ನೀನು ಎಡಕ್ಕೆ, ನಾನು ಎಡಕ್ಕೆ. ನೀನು ಬಲಕ್ಕೆ, ನಾನು ಬಲಕ್ಕೆ. ಒಂದ್ಸಲಾನೂ ಬೀಳ್ಲಿಲ್ಲ! ನೀನು ಹೆಬ್ಬೆರಳು ಎತ್ತಿ ತೋರ್ಸಿದೆ. ಆಮೇಲೆ ಆ ದಾರಿ ಸಣ್ಣ ಆಗುತ್ತಲ್ಲ, ಪೈನ್ ಮರಗಳ ಹತ್ರ, ಹುಲ್ಲು ಎರಡೂ ಕಡೆಯಿಂದ ಒತ್ಕೊಂಡು ಬಂದಿರೋ ಕಡೆ... ಅಲ್ಲೇ ಅವನು ಬಂದಿದ್ದು.

ಹ್ಞಾಂ, ಹಸಿರು ಜಾಕೆಟ್ಟು. ನನ್ನ ಪಕ್ಕದಿಂದಾನೇ ನುಗ್ಗಿದ. ಸ್ನೋಬೋರ್ಡು, ಎರಡೂ ಕಾಲಿಗೆ ಒಂದೇ ಹಲಗೆ. ಏನು ಸ್ಪೀಡು! ನಾನು ಕೂಗ್ತಿದ್ದೀನಿ, ಅವನಿಗೆ ಕೇಳ್ಲೇ ಇಲ್ಲ. ಸೀದಾ ಬಂದು ನಿನ್ನ ಕಾಲಿಗೆ... ಅವನ ಕೈಯಲ್ಲಿದ್ದ ಪೋಲ್, ಆ ಊರುಗೋಲು, ನಿನ್ನ ತಲೆ ಪಕ್ಕದಲ್ಲೇ ಹಾದುಹೋಯ್ತು, ಸ್ವಲ್ಪದರಲ್ಲಿ ತಪ್ಪಿತು, ಕಣ್ಣಿಗೆ ಬಿದ್ದಿದ್ರೆ ಏನ್ ಗತಿ!

ಏನು? ಯಾಕೆ ಹಾಗೆ ನೋಡ್ತೀಯ?

ಸ್ನೋಬೋರ್ಡ್‌ನವರು ಪೋಲ್ ಹಿಡಿಯಲ್ವಾ?

...ಹೌದೌದು. ಹಿಡಿಯಲ್ಲ. ಅವರ ಕೈ ಖಾಲಿ ಇರುತ್ತೆ. ಹಾಗಾದ್ರೆ ಅದು ನಂದೇ ಪೋಲ್ ಇರ್ಬೇಕು. ನಾನೂ ಬಿದ್ನಲ್ಲ ಹೆದರಿ, ನನ್ನ ಕೈಯಿಂದ ಹಾರಿರ್ಬೇಕು. ಅಷ್ಟು ಗಾಬರೀಲಿ ಯಾರ ಪೋಲು ಯಾರ ಬೋರ್ಡು ಯಾರಿಗೆ ಗೊತ್ತು? ನೀನೇನು ಪೊಲೀಸ್ ಥರ... ಅಪ್ಪನೂ ಹೀಗೇ ಕೇಳಿದ್ರು. ಎಷ್ಟು ಎತ್ತರ, ಗಡ್ಡ ಇತ್ತಾ, ಹೆಲ್ಮೆಟ್ ಯಾವ ಬಣ್ಣ. ನಂಗೇನ್ ಗೊತ್ತು? ಹಸಿರು ಅಂದೆ. ಬಾಯಿಗೆ ಬಂದಿದ್ದು... ಅಂದ್ರೆ, ಕಣ್ಣಿಗೆ ಬಿದ್ದಿದ್ದು ಹಸಿರು. ಅಷ್ಟೇ.

ಅಪ್ಪ ಇಡೀ ಲಾಡ್ಜ್ ಜಾಲಾಡಿಬಿಟ್ರು. ನಿನ್ನ ಆ ಪೆಟ್ಟಾದವರನ್ನ ಕೆಳಗೆ ತರೋ ಸ್ಕೀ ಪ್ಯಾಟ್ರೋಲ್‌ನವರ ರೂಮಲ್ಲಿ ಮಲಗಿಸಿದ್ರಲ್ಲ, ಆಗ. ನನ್ನೂ ಎಳ್ಕೊಂಡು ಹೋದ್ರು. ಒಂದು ಟೇಬಲ್ಲಲ್ಲಿ ಒಬ್ಬರು ಕೂತಿದ್ರು, ಹಸಿರು ಜಾಕೆಟ್ಟು. ಐವತ್ತು ವಯಸ್ಸಿರ್ಬಹುದು. ಪಕ್ಕದಲ್ಲಿ ಸ್ನೋಬೋರ್ಡು ಒರಗಿಸಿದ್ರು. ಎರಡು ಪುಟ್ಟ ಹೆಣ್ಣುಮಕ್ಕಳು, ಒಂದರ ಗಲ್ಲಕ್ಕೆಲ್ಲ ಕೆಚಪ್. ಅಪ್ಪ ಹೋಗಿ ನಿಂತು ಕೂಗಿದ್ರು ನೋಡು! ನಿಮ್ಮಪ್ಪ ಕೂಗಿದ್ದು ನೀನು ಎಂದಾದ್ರೂ ಕೇಳಿದೀಯಾ? ನಾನು ಇಪ್ಪತ್ತು ವರ್ಷದಲ್ಲಿ ಕೇಳಿಲ್ಲ. ಆ ಮನುಷ್ಯ ಎದ್ದು ನಿಂತು, ಸರ್, ನಾನು ಇವತ್ತು ಮೇಲೆ ಹೋಗೇ ಇಲ್ಲ, ಮಕ್ಕಳ ಸ್ಲೋಪ್ ತೆರೀಲಿ ಅಂತ ಕಾಯ್ತಿದ್ದೀನಿ ಅಂತಾರೆ. ಯಾರು ನಂಬ್ತಾರೆ? ಆ ಸಣ್ಣ ಮಗು ಅಳೋಕೆ ಶುರು ಮಾಡ್ತು. ಪ್ಯಾಟ್ರೋಲ್‌ನವನು ಬಂದು ಅವರ ಹೆಸರು ಬರ್ಕೊಂಡ, ಲಿಫ್ಟ್ ಪಾಸು ಇಸ್ಕೊಂಡ.

ಅಪ್ಪ ನನ್ನ ಕಡೆ ತಿರುಗಿ, ವಿಜಿ, ಇವನೇನಾ ಅಂದ್ರು.

ನಾನು ಇವನೇ ಅನ್ಲಿಲ್ಲ ಅವನಿ. ಆಣೆ. ಇವನೇ ಅಂತ ಅನ್ಲೇ ಇಲ್ಲ.

...ಅಲ್ಲ ಅಂತಾನೂ ಅನ್ಲಿಲ್ಲ.

ಕೈ ಯಾಕೆ ಕಿತ್ಕೊಂಡೆ? ನೋವಾಯ್ತಾ? ಡ್ರಿಪ್ ಇರೋ ಕೈಯಲ್ವಲ್ಲ ಅದು. ಅವನಿ?

ಇರು, ಅಪ್ಪ ಬಾಗಿಲು ತಳ್ತಿದ್ದಾರೆ. ಏನ್ರೀ? ಇನ್ನೂ ಇಲ್ಲ, ಡಾಕ್ಟರು ಬಂದಿಲ್ಲ... ಹ್ಞಾಂ? ರಿಪೋರ್ಟಾ? ಯಾವ ರಿಪೋರ್ಟು?... ಅವರ ಹತ್ರ ಬೇರೆ ಥರ ಇದೆ ಅಂದ್ರೆ? ಏನು ಬೇರೆ?... ನಂಗೇನ್ ಗೊತ್ತು ರೀ, ಇರಿ ನೋಡ್ತೀನಿ... ಹೋಗಿ, ನೀವು ಲೈನಲ್ಲೇ ಇರಿ.

ನೋಡು, ಆಫೀಸಿನವರು ಹೇಳ್ತಿದ್ದಾರಂತೆ, ಸರ್, ನಮ್ಮ ಪ್ಯಾಟ್ರೋಲ್ ರಿಪೋರ್ಟಲ್ಲಿ ಬೇರೆ ಇದೆ, ನಿಮ್ಮ ಹತ್ರಾನೇ ಒಂದು ಕಾಪಿ ಕೊಟ್ಟಿದ್ದೀವಿ, ಓದಿ ಅಂತ. ನಮ್ಮ ಹತ್ರ ಯಾವಾಗ ಕೊಟ್ರು? ಏನೋ ಒಂದು ಕಾಗದಕ್ಕೆ ನನ್ನ ಸೈನ್ ತಗೊಂಡ್ರು, ಅಷ್ಟು ಗೊತ್ತು. ಓದ್ಲಿಲ್ಲ, ಇಲ್ಲಿ ಅಂದ್ರು, ಮಾಡ್ದೆ. ನಿನ್ನ ಜಾಕೆಟ್ ಜೇಬಲ್ಲಿ ಏನಾದ್ರೂ... ಇದೇ ಇರ್ಬೇಕು. ಹಳದಿ ಕಾಗದ. ಒದ್ದೆಯಾಗಿದೆ ಅಂಚೆಲ್ಲ. ಇರು, ಕನ್ನಡಕ ಎಲ್ಲಿ...

ಹೆಸರು, ವಯಸ್ಸು... ಎಡಗಾಲು, ಮೊಣಕಾಲ ಕೆಳಗೆ... ಟೈಮು ಹತ್ತೂ ಐವತ್ತು... ಹಿಮದ ಸ್ಥಿತಿ, ಐಸ್... ಇಲ್ಲಿ, ಪೆಟ್ಟಾದವರ ಹೇಳಿಕೆ.

'ನಾನಾಗೇ ಬಿದ್ದೆ. ಬೇರೆ ಯಾರೂ ತಾಗಲಿಲ್ಲ. ನನ್ನ ಹತ್ತಿರ ಯಾರೂ ಇರಲಿಲ್ಲ.'

ಇದೇನು?

ಅವನಿ, ಇದೇನು ಬರೆಸಿದೀಯ? ಕೆಳಗೆ ನಿನ್ನ ಸೈನು. ಅದ್ರ ಕೆಳಗೆ ನಂದು! ಯಾವಾಗ ಹೇಳ್ದೆ ಇದನ್ನ? ನಾನು ಅಪ್ಪನಿಗೆ ಫೋನ್ ಮಾಡ್ತಿದ್ನಲ್ಲ, ಆಗಾ? ನಾನು ಅಪ್ಪನಿಗೆ ಅವನ್ಯಾರೋ ಹೊಡೆದ ಅಂತ ಹೇಳೋಕೆ ಮುಂಚೇನೇನಾ?

ಮುಂಚೇನೇ. ಅಷ್ಟು ನೋವಲ್ಲಿ, ಆ ಜಾರುಗಾಡಿ ಮೇಲೆ ಕಟ್ಟಿ ಇಳಿಸೋಕೆ ಮೊದ್ಲೇ...

ಯಾಕೆ ಹಾಗೆ ಹೇಳ್ದೆ? ಮಾತಾಡು. ಇಂಗ್ಲಿಷಲ್ಲಾದ್ರೂ ಮಾತಾಡು ಕಂದ. ಔಷಧಿ ಮಂಪರು ಅಂತ ಹೇಳ್ಬೇಡ, ಈಗ ನಿಂಗೆ ಚೆನ್ನಾಗಿ ಎಚ್ಚರ ಇದೆ, ನೋಡ್ತಿದ್ದೀನಿ ನಾನು. ಆ ಸೀಲಿಂಗಲ್ಲಿ ಏನಿದೆ? ನನ್ನ ನೋಡು. ಅವನಿ, ನನ್ನ ನೋಡು.

ತಿರುಗಿದ್ದೆ. ಅಲ್ವಾ? ನಾನು ಕಿರುಚಿದಾಗ ನೀನು ತಿರುಗಿದ್ದೆ.

...

ಗಾಗಲ್ಸ್ ಮೇಲೆ ಮಳೆ ಹನಿ ಇತ್ತು, ನಿಂಗೆ ಕಾಣ್ಲಿಲ್ಲ ಅಂದ್ಕೊಂಡೆ. ಬೆಳಗ್ಗೆಯಿಂದ ಅದನ್ನೇ ಹೇಳ್ಕೋತಿದ್ದೀನಿ, ಕಾಣ್ಲಿಲ್ಲ, ಕಾಣ್ಲಿಲ್ಲ ಅಂತ. ಆಂಬ್ಯುಲೆನ್ಸಲ್ಲಿ ನಿನ್ನ ತಲೆ ಹತ್ರ ಕೂತಾಗಲೂ ಅದನ್ನೇ.

ಕಾಲು ನನ್ನ ಮಾತು ಕೇಳ್ಲಿಲ್ಲ ಅವನಿ. ಪಿಝಾ ಮಾಡ್ತಿದ್ದೀನಿ, ಮಾಡ್ತಿದ್ದೀನಿ, ಅಡಿಗೆ ಗಾಜು, ಏನೂ ಕಚ್ತಾನೇ ಇಲ್ಲ. ಬದಿಗೆ ಬಿದ್ಬಿಡೋಣ ಅಂದ್ಕೊಂಡೆ. ಕ್ಯಾರಲ್ ಹೇಳಿಕೊಟ್ಟಿದ್ಲು, ನಿಲ್ಲಿಸೋಕೆ ಆಗ್ದಿದ್ರೆ ಕೂತ್ಬಿಡು, ಬದಿಗೆ ಬಿದ್ಬಿಡು ಅಂತ. ಬೀಳ್ಲಿಲ್ಲ ನಾನು. ಯಾಕೆ ಗೊತ್ತಾ? ಬದಿಯಲ್ಲಿ ಕಲ್ಲು ಕಾಣಿಸ್ತು, ಹುಲ್ಲೊಳಗೆ. ಹೆದರಿಕೆ ಆಯ್ತು. ನೀನು ಮುಂದೆ ಇದ್ದೀಯ, ಹಿಡ್ಕೋತೀಯ ಅಂತ... ಹಾಗೇ ಬಂದ್ಬಿಟ್ಟೆ ನಿನ್ನ ಮೇಲೆ. ನೀನು ತಿರುಗಿ ಎರಡೂ ಕೈ ಚಾಚಿದೆ. ನನ್ನ ಹಿಡಿಯೋಕೆ. ಸರಿದು ಹೋಗ್ಬಹುದಿತ್ತು ನೀನು, ನಿಂಗೆಷ್ಟು ಹೊತ್ತು! ಸರೀಲಿಲ್ಲ. ನಿನ್ನ ಕಾಲು ಮುರಿದ ಸದ್ದು ನಂಗೆ ಕೇಳಿಸ್ತು. ಇನ್ನೂ ಕೇಳಿಸ್ತಿದೆ.

ಅಪ್ಪ ಇನ್ನೂ ಕೆಳಗೇ, ಫೋನಲ್ಲಿ ಏನಾಯ್ತು, ಏನಾಯ್ತು ಅಂತ ಕೇಳ್ತಿದ್ದಾರೆ. ಬೆಳಗ್ಗೆ ಬೇಡ ಅಂದಿದ್ರು. ನಾನು ಕೂಗಾಡಿದ್ದೆ. ಹೇಗೆ ಹೇಳ್ಲಿ? ಬಾಯಿ ತೆಗೆದೆ, ಯಾರೋ ಬಂದು ಹೊಡೆದ ಅಂತ ಬಂತು. ಅಷ್ಟೇ. ಒಂದು ಸಲ ಬಂದಮೇಲೆ ಅವನಿಗೊಂದು ಜಾಕೆಟ್ ಹಾಕ್ಬೇಕಾಯ್ತು.

ಆದ್ರೆ ನೀನು... ನೀನು ಯಾರೂ ಇರ್ಲಿಲ್ಲ ಅಂದ್ಬಿಟ್ಟೆ. 'ನನ್ನ ಹತ್ತಿರ ಯಾರೂ ಇರಲಿಲ್ಲ.' ಹತ್ತು ವರ್ಷ ಆದ್ಮೇಲೆ ಒಂದ್ಸಲ ಹತ್ರ ಬಂದೆ ಮಗಳೇ. ಅದನ್ನೂ ಇಲ್ಲ ಅಂತ ಬರೆಸೋ ಹಾಗೆ ಮಾಡಿದೆ ನಾನು.

ಏನೂ ಹೇಳ್ಬೇಡ. ಸರಿ. ಹೇಳೋದು ನಿನ್ನ ಕೆಲಸ ಅಲ್ಲ.

ಆ ಮನುಷ್ಯ ಮಕ್ಕಳ ಮುಂದೆ ತಲೆ ತಗ್ಗಿಸಿ ಪಾಸು ಬಿಚ್ಚಿ ಕೊಟ್ರು. ಜಾಕೆಟ್ಟಿಗೆ ಕಟ್ಟಿದ ತಂತಿ ಬಿಚ್ಚೋಕೆ ಬರ್ತಿರ್ಲಿಲ್ಲ, ಅವರ ದೊಡ್ಡ ಮಗಳೇ ಬಿಚ್ಚಿಕೊಡ್ತು. ನಾನು ಅಲ್ಲೇ ನಿಂತಿದ್ದೆ. ಅಪ್ಪ ಈಗ ಅವರ ಮೇಲೆ ಕಂಪ್ಲೇಂಟ್ ಬರೆಸ್ತಿದ್ದಾರೆ, ಕೇಳಿಸ್ತಾ? ಲಾಯರು ಅಂತಿದ್ದಾರೆ.

ಹೋಗ್ತೀನಿ ನಾನು. ಹೋಗಿ ಹೇಳಿ ಬರ್ತೀನಿ. ಕೈ ಬಿಡು.

ಬಿಡು ಕಂದ... ಈಗ ಯಾಕೆ ಹಿಡ್ಕೊಂಡೆ? ಅಪ್ಪ ಬೈತಾರೆ ಅಂತಾನಾ? ಬೈಲಿ. ಬೈದು ಸುಮ್ನಾಗಲ್ಲ ಅವರು, ಸುಮ್ನಾಗಿ ಬೈತಾರೆ, ಅದು ನಂಗೆ ಗೊತ್ತಿರೋದೇ. ತಡ್ಕೋತೀನಿ. ನಂಗೆ ಸಾಕಾಗಿದೆ ಅವನಿ, ಬೆಳಗ್ಗೆಯಿಂದ ಆ ಮನುಷ್ಯನ್ನ ತಲೇಲಿ ಹೊತ್ಕೊಂಡು ಓಡಾಡಿ ಸಾಕಾಗಿ ಹೋಗಿದೆ. ಬಿಡು ಅಂದ್ನಲ್ಲ.

ಬಿಡಲ್ವಾ? ಇಷ್ಟು ಬಿಗಿಯಾಗಿ...

ಸರಿ. ಇಲ್ಲೇ ಇರ್ತೀನಿ. ಇಲ್ಲಿಂದಾನೇ ಕರೀತೀನಿ, ನಿನ್ನೆದುರಿಗೇ.

ರೀ! ರೀ, ಒಳಗೆ ಬನ್ನಿ... ಇಲ್ಲ, ಅದಲ್ಲ. ಆ ಫೋನ್ ಇಡಿ. ಇಟ್ಬಿಡಿ ರಾಮ್. ಅಂಥ ಯಾರೂ ಇರ್ಲಿಲ್ಲ. ಅವಳ ಹತ್ರ ಇದ್ದಿದ್ದು ನಾನು.